ತಾಳ ತಪ್ಪಿದ್ದು ಯಾರು?

ಸೋದರಿಯರೇ, ತಪ್ಪು ಮಾಡದ ಮಗುವನ್ನು ಗದರಿಸಿ, ಆಮೇಲೆ ಒಳಗೊಳಗೇ ಬೆಂದಿದ್ದೀರಾ? ನಾನು ಬೆಂದಿದ್ದೇನೆ.

2020ರ ಲಾಕ್‌ಡೌನ್‌ನಲ್ಲಿ ಮಧುಗಿರಿಯ ನಮ್ಮ ಮನೆಯ ಸಂಗೀತ ಪಾಠ ಕಂಪ್ಯೂಟರಿಗೆ ಬಂತು. ಶಿರಾ, ಕೊರಟಗೆರೆ, ಪಾವಗಡದ ಮಕ್ಕಳು ಬಸ್ಸಿನ ತಾಪತ್ರಯ ತಪ್ಪಿತೆಂದು ಆಮೇಲೂ ಹಾಗೇ ಮುಂದುವರಿಸಿದರು. ನಾನು ಒಂದು ಸಾಲು ಹಾಡೋದು, ಅವರು ಕೇಳಿ ತಿರುಗಿ ಹಾಡೋದು. (ಜೊತೆಜೊತೆಗೆ ಹಾಡಲು ಹೋಗಬೇಡಿ, ದನಿ ತಡವಾಗಿ ತಲುಪಿ ಎಲ್ಲಾ ಗೋಜಲು.)

ಕೆಲವು ತಿಂಗಳ ಹಿಂದೆ ಮಕ್ಕಳ ದನಿ ನಡುನಡುವೆ ‘ಟಪ್’ ಎಂದು ಕಡಿಯತೊಡಗಿತು. ನಮ್ಮ ಯಜಮಾನರು, “ಬೆಟ್ಟ ಅಡ್ಡ ಇದೆ ಕಣೇ, ಸಿಗ್ನಲ್ ಸಿಗಲ್ಲ” ಅಂದರು. ಪಾಪ, ನಮ್ಮ ಏಕಶಿಲಾ ಬೆಟ್ಟ ಎಷ್ಟು ಅಪವಾದ ಹೊರಬೇಕೋ! ಪಾವಗಡದ ಹುಡುಗಿ ಮೂರನೇ ಕಾಲದಲ್ಲಿ ಜಂಟಿ ವರಸೆ ಹಾಡುವಾಗ ಮಾತ್ರ ಅಕ್ಷರವೇ ನುಂಗಿಹೋಗುತ್ತಿತ್ತು. ತಾಳ ತಪ್ಪುತ್ತಿದ್ದಾಳೆಂದು ಎಲ್ಲರೆದುರು ಬೈದೆ. ಮರುವಾರ ಅವಳು ಬರಲಿಲ್ಲ.

ಅವಳ ತಾಯಿ ಜಗಳವಾಡಲಿಲ್ಲ. ಮಗಳ ಹಾಡನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದರು. ನನ್ನ ಫೋನಿನಲ್ಲಿ ಕೇಳಿದೆ. ಎಂಟಕ್ಷರದ ಆದಿತಾಳ ಒಂದು ಕಡೆಯೂ ಜಾರಿಲ್ಲ. ಅದನ್ನೇ ಕಂಪ್ಯೂಟರಿಗೆ ಇಳಿಸಿಕೊಂಡು ಹಾಕಿದರೆ ‘ಟಪ್, ಟಪ್’. ಇಳಿಸಿಟ್ಟುಕೊಂಡ ಹಾಡಿಗೆ ಸಿಗ್ನಲ್ಲಿನ ಹಂಗೆಲ್ಲಿ?

ಶಿರಾದ ಮೈದುನನ ಮಗನಿಗೆ ಫೋನ್ ಮಾಡಿದೆ. “ದೊಡ್ಡಮ್ಮಾ, ವೈ-ಫೈ ಆರಿಸಿ ಹಾಡು ಹಾಕಿ” ಅಂದ. ಹಾಡು ನೀರಿನ ಹಾಗೆ ಹರಿಯಿತು! ಲೇಟೆನ್ಸಿಮಾನ್ ಅನ್ನೋ ತಂತ್ರಾಂಶ ಹಾಕಿಸಿದ. ಮನೆ ಬಳಕೆಗೆ ಅದು ಪುಕ್ಕಟೆ. ವೈ-ಫೈ ಡ್ರೈವರೇ ಕಂಪ್ಯೂಟರನ್ನು ಹಿಡಿದು ಕೂರುತ್ತಿದೆಯೆಂದು ಅದೂ ತೋರಿಸಿತು.

ಡ್ರೈವರ್ ಅಂದರೆ ಒಂದೊಂದು ಬಿಡಿಭಾಗವನ್ನೂ ನಡೆಸುವ ಪುಟ್ಟ ತಂತ್ರಾಂಶ. ಸಿ.ಡಿ.ಯ ಲೆಕ್ಕದಲ್ಲಿ ಒಂದು ಸೆಕೆಂಡಿನ ಹಾಡು 44,100 ಚೂರು. ಅವು ಹೊತ್ತುಹೊತ್ತಿಗೆ ಸ್ಪೀಕರಿಗೆ ಬೀಳುತ್ತಿರಬೇಕು. ಒಂದೇ ಒಲೆಯ ಮನೆಯಲ್ಲಿ ಯಾರೋ ಪಾತ್ರೆ ಇಳಿಸದೆ ನಿಂತರೆ ಎಲೆಗೆ ದೋಸೆ ಬೀಳುವುದು ತಪ್ಪುತ್ತಲ್ಲ, ಹಾಗೆ. ಸೆಕೆಂಡಿನ ನೂರನೇ ಒಂದು ಪಾಲು ತಡವಾದರೂ ಕಿವಿಗೆ ಗೊತ್ತಾಗಿಬಿಡುತ್ತೆ.

ಅಪ್‌ಡೇಟ್ ಜೊತೆ ಬಂದ ಹೊಸ ಡ್ರೈವರ್ ಕೆಟ್ಟದ್ದಾಗಿತ್ತು. ಹಳೆಯದನ್ನು ವಾಪಸು ತಂದೆವು: ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈ-ಫೈ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಡ್ರೈವರ್, ಆಮೇಲೆ ರೋಲ್ ಬ್ಯಾಕ್ ಡ್ರೈವರ್. ಆ ಗುಂಡಿ ಮಂಕಾಗಿದ್ದರೆ ಕಂಪ್ಯೂಟರ್ ತಯಾರಿಸಿದವರ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಕಂಡಕಂಡಲ್ಲಿಂದ ಬೇಡ. ಮುಂದಿನ ಅಪ್‌ಡೇಟ್ ಮತ್ತೆ ಹೊಸದನ್ನು ತುರುಕಿದರೂ ತುರುಕೀತು, ಗಮನವಿರಲಿ.

ಪಾವಗಡಕ್ಕೆ ಫೋನ್ ಮಾಡಿ, “ತಪ್ಪು ನನ್ನದು ಪುಟ್ಟಿ, ತಾಳ ನಿನ್ನದು ಸರಿಯಾಗೇ ಇತ್ತು” ಅಂದೆ. ಸ್ವಲ್ಪ ಹೊತ್ತು ಆ ಕಡೆ ದನಿಯೇ ಇಲ್ಲ. ಆಮೇಲೆ, “ಮಿಸ್, ಈಗ ಹಾಡ್ಲಾ?” ಅಂದಳು.