ಗಂಟು, ಗಾಡಿ, ಗಾಲಿ

ಬರುವಾಗ ಬರಿಗೈ, ಹೋಗುವಾಗ ಬರಿಗೈ ಎಂದು ಹಿರಿಯರು ಮನುಷ್ಯಜನ್ಮವನ್ನು ಕುರಿತು ಹೇಳುತ್ತ ಬಂದಿದ್ದಾರೆ. ಅದು ವೇದಾಂತದ ಮಾತು. ಅಲ್ಲಗಳೆಯುವ ಧೈರ್ಯ ನಮಗಿಲ್ಲ. ಆದರೆ ಈ ಎರಡು ಬರಿಗೈಗಳ ನಡುವೆ ಎಷ್ಟೋ ಬಸ್ಸು ಪ್ರಯಾಣಗಳಿವೆ ಎಂಬುದನ್ನು ಆ ಹಿರಿಯರು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದ ಮನುಷ್ಯನನ್ನು ನಮ್ಮ ಕಾಸರಗೋಡು ಸೀಮೆಯಲ್ಲಿ ನಾವು ಇನ್ನೂ ಕಂಡಿಲ್ಲ. ಕಂಡರೂ ಅವನು ಟಿಕೆಟು ತನಿಖೆಯವನಾಗಿರಬೇಕು.

ನಮ್ಮವರ ಗಂಟಿಗೆ ಒಂದು ಚರಿತ್ರೆಯೂ ಇದೆ. 1956ರ ನವೆಂಬರ್ 1ರಂದು ಆದ ರಾಜ್ಯಗಳ ಪುನರ್ವಿಂಗಡಣೆ ನಮ್ಮನ್ನು ಗಡಿಯ ಈಚೆಗೂ ನಮ್ಮ ಬೀಗರನ್ನು ಆಚೆಗೂ ಇಟ್ಟಿತು. ಬೀಗತನ ಮಾತ್ರ ಮೊದಲಿನಂತೆಯೇ ಉಳಿಯಿತು. ಮದುವೆಯ ಜವಳಿಗೆ ಮಂಗಳೂರು, ದೊಡ್ಡ ಆಸ್ಪತ್ರೆಗೆ ಮಂಗಳೂರು, ಮಗಳ ಬಾಣಂತನಕ್ಕೆ ಪುತ್ತೂರು. ಹೋಗುವಾಗ ಹಲಸಿನಹಣ್ಣು, ಮಾಂಬಳ, ಹಪ್ಪಳದ ಕಟ್ಟು, ಬಾಳೆಗೊನೆ; ಬರುವಾಗ ಔಷಧದ ಚೀಲ, ಬಟ್ಟೆಯ ಗಂಟು, ಬೀಗಿತಿಯರು ಒತ್ತಾಯದಿಂದ ಕೊಟ್ಟ ಉಪ್ಪಿನಕಾಯಿಯ ಭರಣಿ. ತಲಪಾಡಿಯ ಗಡಿಯಲ್ಲಿ ಸರಕಾರ ಬದಲಾಗುತ್ತದೆ, ಹಲಸಿನ ಪರಿಮಳ ಬದಲಾಗುವುದಿಲ್ಲ.

ಹಿಂದೆ ಈ ಗಂಟುಗಳೆಲ್ಲ ಬಸ್ಸಿನ ನೆತ್ತಿಯ ಮೇಲೆ ಕುಳಿತು ಗಾಳಿ ಕುಡಿಯುತ್ತ ಪ್ರಯಾಣ ಮಾಡುತ್ತಿದ್ದವು. ಹಿಂಬದಿಯ ಏಣಿಯನ್ನು ಒಬ್ಬ ಹುಡುಗ ಕೋತಿಯಂತೆ ಹತ್ತಿ, ಸೈಕಲ್ಲು, ಅಡಕೆಯ ಮೂಟೆ, ಆಟದ ಮೇಳದವರ ಪೆಟ್ಟಿಗೆ ಎಲ್ಲವನ್ನೂ ಒಂದೇ ಹಗ್ಗದಲ್ಲಿ ಬಿಗಿಯುತ್ತಿದ್ದ. ಸೈಕಲ್ಲಿನ ಯಜಮಾನ ಕೆಳಗೆ ಕುಳಿತು, ಪ್ರತಿ ಗುಂಡಿಗೂ ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಈಗ ನೆತ್ತಿಯ ಕಟಾಂಜನವುಳ್ಳ ಬಸ್ಸುಗಳು ಅಪರೂಪವಾಗಿವೆ. ಗಂಟು ಕೆಳಗಿಳಿದು ನಮ್ಮ ಮೊಣಕಾಲಿನ ನೆರೆಯಲ್ಲಿ ವಾಸಮಾಡತೊಡಗಿದೆ.

ಗಂಟಿನ ವಿಚಾರದಲ್ಲಿ ರೈಲಿನವರಷ್ಟು ಖಚಿತವಾಗಿ ಯೋಚಿಸಿದವರು ಬೇರೆ ಯಾರೂ ಇಲ್ಲ. ಎರಡನೆಯ ತರಗತಿಯವನಿಗೆ 35 ಕಿಲೊ ಉಚಿತ, ಮಲಗುವ ತರಗತಿಯವನಿಗೆ 40, ಹವಾನಿಯಂತ್ರಿತ ಎರಡು ಅಂತಸ್ತಿನವನಿಗೆ 50, ಹವಾನಿಯಂತ್ರಿತ ಮೊದಲನೆಯ ತರಗತಿಯವನಿಗೆ 70. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳೂ ನಿಗದಿಯಾಗಿವೆ: 100, 60, 25 ಸೆಂಟಿಮೀಟರು. ಮಿಕ್ಕದ್ದೆಲ್ಲ, ಸೈಕಲ್ಲು ಸಹಿತ, ಬ್ರೇಕ್ ವ್ಯಾನಿಗೆ. ನಾವು ಈ ಪಟ್ಟಿಯನ್ನು ಓದಿ ಒಂದು ಸತ್ಯವನ್ನು ಕಂಡುಕೊಂಡೆವು. ಮೊದಲನೆಯ ತರಗತಿಯವನು ಒಂದು ಚರ್ಮದ ಚೀಲವನ್ನು ಹಿಡಿದು ಬರುತ್ತಾನೆ; ಅವನಿಗೆ 70 ಕಿಲೊ. ಎರಡನೆಯ ತರಗತಿಯವನು ಅಕ್ಕಿ, ಪಾತ್ರೆ, ಹಾಸಿಗೆ ಸಹಿತ ಇಡೀ ಸಂಸಾರವನ್ನೇ ಹೊತ್ತು ಬರುತ್ತಾನೆ, ಅವನಿಗೆ 35. ಉಳ್ಳವನಿಗೇ ಉಚಿತವೂ ಹೆಚ್ಚು ಎಂಬ ಲೋಕನ್ಯಾಯಕ್ಕೆ ರೈಲೂ ಹೊರತಲ್ಲ.

ಇನ್ನು ಪ್ರಾಣಿಗಳ ಮಾತು. ಭೂತದ ಕೋಲಕ್ಕೆ ಹೋಗುವ ಕೋಳಿ ಬಸ್ಸಿನ ಸೀಟಿನಡಿಯಲ್ಲಿ ಕುಳಿತು ಕೊಕ್ ಎಂದರೆ ಅದು ಲಗ್ಗೇಜೋ ಪ್ರಯಾಣಿಕನೋ ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಈ ಪ್ರಶ್ನೆಗೆ ಒಂದು ಸ್ವಾರಸ್ಯವಾದ ಉತ್ತರ ದೊರೆಯಿತು. ಅಜ್ಜಿಯೊಬ್ಬರು ಮೊಮ್ಮಗಳೊಡನೆ ನಾಲ್ಕು ಪುಟ್ಟ ಗಿಳಿಗಳನ್ನು ಪಂಜರದಲ್ಲಿ ಒಯ್ಯುತ್ತಿದ್ದರು. 2023ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಅಜ್ಜಿಗೂ ಮೊಮ್ಮಗಳಿಗೂ ಪ್ರಯಾಣ ಉಚಿತ. ಗಿಳಿಗಳಿಗೆ ಮಾತ್ರ ತಲೆಗೆ 111 ರೂಪಾಯಿಯಂತೆ 444 ರೂಪಾಯಿಯ ಟಿಕೆಟು ಹರಿಯಿತು. ರೆಕ್ಕೆಯಿದ್ದವರು ದುಡ್ಡು ಕೊಟ್ಟು ಕುಳಿತರು, ರೆಕ್ಕೆಯಿಲ್ಲದವರು ಪುಕ್ಕಟೆಯಾಗಿ ಹಾರಿದರು. ಪತ್ರಿಕೆಗಳಲ್ಲಿ ಅದನ್ನು ಓದಿ ನಾಡೆಲ್ಲ ನಕ್ಕಿತು, ನಾವೂ ನಕ್ಕೆವು. ಗಿಳಿಗಳು ಹೆಣ್ಣೋ ಗಂಡೋ ಎಂದು ವಿಚಾರಿಸಬೇಕಾಗಿತ್ತಲ್ಲವೇ ಎಂದು ನಮ್ಮ ಮಿತ್ರರೊಬ್ಬರು ಬಹಳ ಗಂಭೀರವಾಗಿ ಕೇಳಿದರು.

ಕೂಸಿನ ಗಾಡಿ ನಮ್ಮ ಬಸ್ಸುಗಳಿಗೆ ಅಪರಿಚಿತ. ನಮ್ಮ ತಾಯಂದಿರ ಕಂಕುಳೇ ಗಾಡಿ, ಸೊಂಟವೇ ಸೀಟು. ಅಲ್ಲದೆ ಕೂಸನ್ನು ಹೊತ್ತ ತಾಯಿ ಬಸ್ಸಿನೊಳಗೆ ಕಾಲಿಟ್ಟರೆ ಕುಳಿತವರು ಕೈಚಾಚಿ ಕೂಸನ್ನು ಎತ್ತಿಕೊಳ್ಳುತ್ತಾರೆ. ಕುಂಬಳೆಯಲ್ಲಿ ಹತ್ತಿದ ಕೂಸು ಯಾರದೋ ತೊಡೆಯ ಮೇಲೆ ನಿದ್ದೆ ಮಾಡಿ ಮಂಜೇಶ್ವರದಲ್ಲಿ ತಾಯಿಯ ಕೈಗೆ ಮರಳುತ್ತದೆ. ಇದು ಯಾವ ನಿಯಮದ ಪುಸ್ತಕದಲ್ಲಿಯೂ ಇಲ್ಲ, ನಡೆದುಬಂದಿದೆ, ಅಷ್ಟೆ.

ಈವರೆಗೆ ವಾಚಕರೊಡನೆ ಹಗುರವಾಗಿ ಮಾತನಾಡಿದೆವು. ಇನ್ನು ಮುಂದಿನ ಮಾತು ಅಷ್ಟು ಹಗುರವಲ್ಲ.

ಕೂಸು ಕೂಸಾಗಿರುವವರೆಗೆ ಕಂಕುಳು ಸಾಕು. ಹದಿನಾಲ್ಕು ವರ್ಷವಾದರೂ ಕಾಲೂರಲಾರದ ಮಗನನ್ನು ಯಾವ ಕಂಕುಳು ಹೊರಬೇಕು? ಪೆರ್ಲದ ಕಡೆಯಿಂದ ಬರುವ ಬಸ್ಸಿನಲ್ಲಿ ಅಂಥ ತಾಯಿಯೊಬ್ಬರನ್ನು ನಾವು ಕಂಡೆವು. ಮಗನನ್ನು ತೋಳಿನಲ್ಲಿ ಎತ್ತಿಕೊಂಡು ಅವರು ಮೆಟ್ಟಿಲು ಹತ್ತಿದರು. ಮಡಚಿದ ಗಾಲಿಕುರ್ಚಿಯನ್ನು ಹಿಂದಿನಿಂದ ಯಾರೋ ಎತ್ತಿ ಕೊಟ್ಟರು. ಕಂಡಕ್ಟರು ಕೆಟ್ಟವನಲ್ಲ, ತನ್ನ ಕೆಲಸವನ್ನು ಬಲ್ಲವನು. ಕುರ್ಚಿಯನ್ನು ನೋಡಿ ವಿನಯದಿಂದಲೇ ಹೇಳಿದ: “ಅಕ್ಕಾ, ಇದಕ್ಕೆ ಲಗ್ಗೇಜು ಉಂಟು.”

ಆಕೆ ಸೆರಗಿನಿಂದ ಮಗನ ಮುಖವನ್ನು ಒರೆಸುತ್ತಿದ್ದವರು ತಲೆಯೆತ್ತಿ ಕೇಳಿದರು: “ಅದು ಇವನ ಕಾಲಲ್ವಾ ಅಣ್ಣ? ನಿಮ್ಮ ಕಾಲಿಗೆ ಬೇರೆ ಟಿಕೆಟು ಉಂಟಾ?”

ಆತ ಮರುಮಾತಾಡಲಿಲ್ಲ. ಕುರ್ಚಿಯನ್ನು ಸರಿಸಿ, ಬೀಳದಂತೆ ಕಂಬಕ್ಕೆ ಒರಗಿಸಿ ಮುಂದೆ ಹೋದ. ಬಸ್ಸಿನಲ್ಲಿದ್ದ ನಾವೆಲ್ಲ ಕಿಟಕಿಯಾಚೆ ನೋಡಿದೆವು.

ಆ ತಾಯಿಯ ಪ್ರಶ್ನೆಗೆ ದೇಶದ ಕಾಯಿದೆ ಒಂದು ಬಗೆಯ ಉತ್ತರವನ್ನು ಕೊಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 41ನೆಯ ಕಲಮು ಬಸ್ಸು ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಅನುಕೂಲ ಇರಬೇಕೆನ್ನುತ್ತದೆ. ವಾಹನಗಳೂ ಹತ್ತಲು ಒದಗುವಂತಿರಬೇಕು, ಸಾಧ್ಯವಿದ್ದಲ್ಲಿ ಹಳೆಯವನ್ನೂ ತಿದ್ದಬೇಕು ಎನ್ನುತ್ತದೆ. ಮಾತು ಚೆನ್ನಾಗಿದೆ. ಆದರೆ ಬಸ್ಸಿನ ಮೆಟ್ಟಿಲು ಕಾಯಿದೆಯನ್ನು ಓದುವುದಿಲ್ಲ. ನಮ್ಮಲ್ಲಿ ಬಹುಕಾಲ ಬಸ್ಸನ್ನು ಲಾರಿಯ ಅಡಿಗಟ್ಟಿನ ಮೇಲೆ ಕಟ್ಟುತ್ತ ಬಂದದ್ದರಿಂದ ಸಾಮಾನು ಹೊರುವ ಎತ್ತರಕ್ಕೇ ಮನುಷ್ಯನೂ ಏರಬೇಕಾಯಿತು. ತಗ್ಗು ನೆಲದ ಬಸ್ಸಿನ ನೆಲ ರಸ್ತೆಯಿಂದ ಸುಮಾರು 40 ಸೆಂಟಿಮೀಟರು. ಒಂದು ಹಲಗೆಯನ್ನು ಚಾಚಿದರೆ ಗಾಲಿ ತಾನೇ ಏರುತ್ತದೆ. ಹಳೆಯ ಬಗೆಯ ಬಸ್ಸಿನ ನೆಲ ಅದರ ಎರಡು ಪಟ್ಟಿಗೂ ಮೇಲೆ. ಅದರ ಬಾಗಿಲಿನ ನಟ್ಟನಡುವೆ ಹಿಡಿದು ಹತ್ತಲೆಂದು ಒಂದು ಕಂಬ. ಕಾಲಿದ್ದವನಿಗೆ ಊರುಗೋಲಾದದ್ದು ಗಾಲಿಯವನಿಗೆ ಅಗುಳಿಯಾಗುತ್ತದೆ. ರೈಲಿನ ಕತೆಯೂ ಹೆಚ್ಚು ಬೇರೆಯಲ್ಲ. ಎತ್ತರದ ಪ್ಲಾಟುಫಾರಮು ಹಳಿಯಿಂದ 76ರಿಂದ 84 ಸೆಂಟಿಮೀಟರು ಮೇಲಿರುತ್ತದೆ. ಸಾಮಾನ್ಯ ಗಾಡಿಯ ನೆಲ ಅದಕ್ಕೂ ಒಂದು ಮೊಳದಷ್ಟು ಮೇಲೆ. ಆ ಒಂದು ಮೊಳವನ್ನು ದಾಟಿಸಲು ಇಬ್ಬರು ಹಮಾಲರು ಬೇಕು. ಮನುಷ್ಯನನ್ನು ಮೂಟೆಯಂತೆ ಎತ್ತಿದ ಮೇಲೆ ಅವನ ಕುರ್ಚಿಯನ್ನು ಮೂಟೆಯೆಂದು ಎಣಿಸುವುದರಲ್ಲಿ ಆಶ್ಚರ್ಯವೇನು?

ಬಸ್ಸುಗಳೆಲ್ಲ ತಗ್ಗಿದ ಮಾತ್ರಕ್ಕೆ ಜಗಳ ಮುಗಿಯುವುದೂ ಇಲ್ಲ. ಇಂಗ್ಲೆಂಡಿನಲ್ಲಿ 2012ರ ಫೆಬ್ರವರಿಯಲ್ಲಿ ಡಗ್ ಪೌಲಿ ಎಂಬವರು ವೆದರ್ಬಿಯಿಂದ ಲೀಡ್ಸಿಗೆ ಹೋಗಲು ಬಸ್ಸಿಗೆ ಬಂದರು. ಅದರಲ್ಲಿ ಗಾಲಿಕುರ್ಚಿಗೆಂದೇ ಜಾಗವಿತ್ತು. ಅಲ್ಲಿ ಮಗು ಮಲಗಿದ್ದ ಗಾಡಿಯೊಂದು ನಿಂತಿತ್ತು. ಚಾಲಕ ಕೇಳಿಕೊಂಡ; ಗಾಡಿ ಮಡಚುವಂಥದಲ್ಲವೆಂದು ತಾಯಿ ಸರಿಯಲಿಲ್ಲ; ಪೌಲಿಯವರು ಇಳಿದು ಮುಂದಿನ ಬಸ್ಸಿಗೆ ಕಾದರು. ವ್ಯಾಜ್ಯ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2017ರ ಜನವರಿಯಲ್ಲಿ ತೀರ್ಪಾಯಿತು: ಒಮ್ಮೆ ಕೇಳಿ ಸುಮ್ಮನಾಗುವುದು ಸಾಲದು, ಅಕಾರಣವಾಗಿ ಜಾಗ ಬಿಡದಿದ್ದರೆ ಬಸ್ಸನ್ನು ಕೆಲವು ನಿಮಿಷ ನಿಲ್ಲಿಸಿಯಾದರೂ ಒತ್ತಾಯಿಸುವುದನ್ನು ಚಾಲಕ ಯೋಚಿಸಬೇಕು, ಆದರೆ ಹಿಡಿದು ಇಳಿಸಬೇಕಾಗಿಲ್ಲ. ಕೂಸಿನ ಗಾಡಿಯೂ ಗಾಲಿ, ಅಶಕ್ತನ ಕುರ್ಚಿಯೂ ಗಾಲಿ. ಆದರೆ ಕೂಸನ್ನು ಎತ್ತಿಕೊಳ್ಳಬಹುದು. ಕುರ್ಚಿಯವನಿಗೆ ಆ ಜಾಗವಲ್ಲದೆ ಬೇರೆ ಜಾಗವಿಲ್ಲ. ಎಷ್ಟೇ ದೊಡ್ಡ ನ್ಯಾಯಾಲಯವಾದರೂ ಕೊನೆಗೆ ಒಬ್ಬ ಸಹಪ್ರಯಾಣಿಕನ ಮನಸ್ಸಿನ ಬಾಗಿಲಲ್ಲಿ ನಿಲ್ಲಬೇಕಾಯಿತು.

ಈ ಮಾತನ್ನು ಇಷ್ಟು ಬೆಳೆಸಲು ನಮಗೆ ಕಾರಣವಿದೆ. ನಮ್ಮ ಜಿಲ್ಲೆಯ ಗೇರುತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಸ್ವರ್ಗವೆಂಬ ಒಂದು ಊರಿದೆ. ಆ ಹೆಸರಿನ ಊರಿನ ಸುತ್ತಮುತ್ತ ಕಾಲೂರಲಾರದ, ತಲೆಯೆತ್ತಲಾರದ ಮಕ್ಕಳು ಮನೆಮನೆಯ ಮೂಲೆಯಲ್ಲಿ ಬೆಳೆದರು. 2011ರ ಮೇ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆಯಿತು; 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಲಕ್ಷಗಳ ಲೆಕ್ಕ ಸರಕಾರದ ಕೈಯಲ್ಲಿದೆ. ಆದರೆ ಆ ಮಕ್ಕಳು ಆಸ್ಪತ್ರೆಗೆ ಹೋಗುವುದು ನಮ್ಮ ಬಸ್ಸಿನಲ್ಲಿ, ನಮ್ಮ ಪಕ್ಕದ ಸೀಟಿನಲ್ಲಿ. ಬೇರೆ ಊರಿನವರಿಗೆ ಗಾಲಿಕುರ್ಚಿ ಎಂದೋ ಒಮ್ಮೆ ಕಾಣುವ ವಸ್ತುವಾಗಿರಬಹುದು. ನಮಗೆ ಅದು ಹಲಸಿನಹಣ್ಣಿನಷ್ಟೇ ನಿತ್ಯದ್ದು.

ಹಲಸಿಗೆ ಸೀಟಿನಡಿ ಜಾಗ ಮಾಡಿಕೊಟ್ಟ ಜನ ನಾವು. ಕೂಸಿಗೆ ತೊಡೆಯನ್ನು ಕೊಟ್ಟವರು, ಆಟದ ಪೆಟ್ಟಿಗೆಗೆ ಭುಜ ಕೊಟ್ಟವರು. ತಗ್ಗು ನೆಲದ ಬಸ್ಸನ್ನು ಸರಕಾರದಿಂದ ಕೇಳೋಣ. ಬಾಗಿಲ ನಡುವಿನ ಕಂಬವನ್ನು ಕೀಳಿಸೋಣ. ಸಂಘದ ಮುಂದಿನ ಸಭೆಯಲ್ಲಿ ಒಂದು ಬಿನ್ನಹವನ್ನು ಬರೆದು ಎರಡು ರಾಜ್ಯಗಳ ಬಸ್ಸಿನವರಿಗೂ ಕಳುಹಿಸೋಣ. ಅವರು ಉತ್ತರ ಬರೆಯುವವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು: ನಮ್ಮ ಗಂಟನ್ನು ನಮ್ಮ ಮಡಿಲಿಗೆ ಎತ್ತಿಕೊಂಡು, ಆ ಗಾಲಿಗಳಿಗೆ ಎರಡು ಅಡಿ ನೆಲವನ್ನು ಬಿಡುವುದು. ಅದಕ್ಕೆ ಟಿಕೆಟು ಬೇಕಾಗಿಲ್ಲ.