ಎಚ್ಚರದ ವಿದ್ಯೆ

ವಿದ್ಯೆಗಳಲ್ಲಿ ಕೆಲವು ಮನುಷ್ಯನಿಗೆ ಅನ್ನವನ್ನು ಕೊಡುತ್ತವೆ. ಕೆಲವು ಕೀರ್ತಿಯನ್ನು ತರುತ್ತವೆ. ದುಡಿದವನು ಸಂಜೆ ಕ್ಷೇಮವಾಗಿ ಮನೆಗೆ ಹಿಂದಿರುಗುವಂತೆ ಮಾಡತಕ್ಕ ವಿದ್ಯೆಯೊಂದುಂಟು. ಅದಕ್ಕೆ ಮಾತ್ರ ಬಿರುದೂ ಇಲ್ಲ, ಸನ್ಮಾನವೂ ಇಲ್ಲ. ಅದು ಫಲಿಸಿದ ದಿನ ಏನೂ ನಡೆಯುವುದಿಲ್ಲ. ಏನೂ ನಡೆಯದ ದಿನವನ್ನು ಯಾರು ತಾನೆ ನೆನಪಿನಲ್ಲಿಟ್ಟಾರು?

ಈ ವಿದ್ಯೆಯ ಬೆಲೆಯನ್ನು ಕನ್ನಡ ನಾಡಿನಲ್ಲಿ ಚೆನ್ನಾಗಿ ಅರಿತ ನೆಲವೆಂದರೆ ಕೋಲಾರದ ಚಿನ್ನದ ಗಣಿಗಳ ಸೀಮೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕೆಲಸ ಹಿಡಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಈ ನಡುವೆ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಇಳಿದಿತ್ತು. ಅಂತಹ ಆಳದಲ್ಲಿ ದುಡಿಯುವವರು ಕಲಿಯಬೇಕಾದ ಪಾಠಗಳು ಮೂರು ಬಗೆಯವು.

ಮೊದಲನೆಯದು ಕಿವಿಯ ಪಾಠ. ಗಣಿಯ ಕೆಲಸಗಾರನು ತಲೆಯ ಮೇಲಣ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡಬೇಕು. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳಿನಿಂದ ಬಡಿದು ಕೊಳ್ಳುವಂತೆಯೇ ಇದು. ಗಟ್ಟಿ ಬಂಡೆಯು ಠಣ್ಣೆನ್ನುತ್ತದೆ. ಸಡಿಲಗೊಂಡುದು ಟೊಳ್ಳಾಗಿ ನುಡಿಯುತ್ತದೆ. ತಟ್ಟುವವನು ಮೊದಲು ತಾನು ನಿಂತಿರುವ ಜಾಗ ಭದ್ರವೇ ಎಂದು ತಿಳಿದು, ಅಲ್ಲಿಂದ ಮುಂದಕ್ಕೆ ಕೈಚಾಚಬೇಕು. ಇದನ್ನು ಪುಸ್ತಕದಿಂದ ಕಲಿಯಲಾಗದು. ಅನುಭವಸ್ಥನಾದ ಹಿರಿಯನ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಎರಡನೆಯದು ಕಣ್ಣಿಗೆ ಕಾಣದ ಧೂಳಿನ ಪಾಠ. ಬಂಡೆಯನ್ನು ಒಣಗಿದ್ದಂತೆಯೇ ಕೊರೆದರೆ ಏಳುವ ಸಣ್ಣ ಹುಡಿಯು ಪುಪ್ಪುಸದ ತಳವನ್ನು ಮುಟ್ಟಿ ಅಲ್ಲಿ ಗಾಯದ ಕಲೆಗಳನ್ನು ಮಾಡುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಕೆಲಸ ಬಿಟ್ಟ ಮೇಲೂ ರೋಗವು ಮುಂದುವರಿಯಬಹುದು. ಕ್ಷಯವೂ ಸುಲಭವಾಗಿ ಬೆನ್ನು ಹತ್ತುತ್ತದೆ. ಕೊರೆಯುವಾಗ ನೀರನ್ನು ಹಾಯಿಸಿದರೆ ಹುಡಿಯ ಬಹುಭಾಗ ಕೆಸರಾಗಿ ಇಳಿದುಬಿಡುತ್ತದೆ. ಆದರೆ ಕಾರಣವನ್ನರಿಯದವನಿಗೆ ನೀರೆಂಬುದು ಮೈ ನೆನೆಸುವ ಪೀಡೆಯಷ್ಟೆ. ಕಾರಣವನ್ನು ಬಲ್ಲವನ ಪಾಡಾದರೂ ಏನು? ಕೊಳವೆಯಲ್ಲಿ ನೀರು ಬಾರದೆ ಹೋಯಿತೆನ್ನಿ; ಕಾಯುತ್ತ ಕುಳಿತ ಹೊತ್ತಿಗೆ ಕೂಲಿಯೂ ಇಲ್ಲವೆನ್ನಿ; ಅವನು ಒಣಬಂಡೆಯನ್ನೇ ಕೊರೆಯುವನು. ಬೆಳಿಗ್ಗೆ ಗುರುವು ಹೇಳಿದ ಪಾಠವನ್ನು ಸಂಜೆ ಗುಮಾಸ್ತೆಯ ಲೆಕ್ಕವು ಅಳಿಸಿಹಾಕಿತು. ಇಲ್ಲಿ ಪಾಠ ಯಾರಿಗೆ ಆಗಬೇಕು? ಕೂಲಿಯನ್ನು ಗೊತ್ತುಮಾಡುವವನಿಗೇ ಅಲ್ಲವೆ?

ಮೂರನೆಯದಂತೂ ಮೇಲಧಿಕಾರಿಗಳದೇ ಪಾಠ. ಅದಿರನ್ನು ತೆಗೆದಷ್ಟೂ ಮೇಲಣ ಭಾರವು ಉಳಿದ ಬಂಡೆಯ ಮೇಲೆ ಬೀಳುತ್ತದೆ. ಭಾರವು ಮಿತಿಮೀರಿದಾಗ ಬಂಡೆಯು ಮದ್ದಿಟ್ಟಂತೆ ಸಿಡಿಯುತ್ತದೆ. ಕೋಲಾರದ ಗಣಿಗಳು ಈ ಸಿಡಿತಕ್ಕೆ ಲೋಕದಲ್ಲಿಯೇ ಹೆಸರಾಗಿದ್ದುವು. ಕೆಲಸಗಾರನ ಹಾರೆಗಾಗಲಿ ಕಿವಿಗಾಗಲಿ ಇದು ಮುಂಚಿತವಾಗಿ ನಿಶ್ಚಯವಾಗಿ ತಿಳಿಯದು. ಯಾವ ಭಾಗವನ್ನು ಮೊದಲು ತೆಗೆಯಬೇಕು, ಯಾವುದನ್ನು ಕಂಬವಾಗಿ ಬಿಡಬೇಕು, ಬರಿದಾದ ಜಾಗವನ್ನು ಕಲ್ಲಿನಿಂದ ಹೇಗೆ ತುಂಬಬೇಕು ಎಂಬುದೆಲ್ಲ ಮೇಲೆ ಮೇಜಿನ ಮುಂದೆ ಕುಳಿತು ನಕ್ಷೆ ಬರೆಯುವವನ ವಿವೇಕಕ್ಕೆ ಸೇರಿದುದು. ಅವನ ತಪ್ಪಿಗೆ ಕೆಳಗಿರುವವನು ತಲೆಕೊಡಬೇಕು. ಕೆಲಸಗಾರನಿಗೆ ಎಷ್ಟು ಜಾಗರೂಕತೆಯನ್ನು ಬೋಧಿಸಿದರೂ ಈ ಕೊರತೆ ತುಂಬುವುದಿಲ್ಲ.

ಕಾನೂನು ಇದನ್ನು ಮೆಲ್ಲಮೆಲ್ಲಗೆ ಒಪ್ಪಿಕೊಂಡಿತು. ಗಣಿಯ ಹೊಸ ಕೆಲಸಗಾರನಿಗೆ ಶಿಕ್ಷಣ ಕೊಡಬೇಕೆಂದು 1966ರ ನಿಯಮಗಳು ವಿಧಿಸಿದುವು. 1984ರಲ್ಲಿ ಭೋಪಾಲದ ವಿಷಾನಿಲದ ದುರಂತವಾಯಿತು. ಅನಂತರ 1987ರಲ್ಲಿ ಕಾರ್ಖಾನೆಗಳ ಕಾಯಿದೆಯನ್ನು ತಿದ್ದಿದಾಗ, ತನ್ನ ಆರೋಗ್ಯ ಮತ್ತು ಸುರಕ್ಷತೆಯ ವಿಷಯವನ್ನು ಕೇಳಿ ತಿಳಿಯುವುದೂ ಅದಕ್ಕೆ ತಕ್ಕ ಶಿಕ್ಷಣ ಪಡೆಯುವುದೂ ಕೆಲಸಗಾರನ ಹಕ್ಕೆಂದು ಸೇರಿಸಲಾಯಿತು. ಧಣಿಯ ದಯೆಯಾಗಿದ್ದುದು ಹಕ್ಕಾದುದು ಸಣ್ಣ ಮಾತಲ್ಲ.

ಆದರೂ ಹಕ್ಕು ಕಾಗದದಿಂದ ಕೆಲಸದ ಜಾಗಕ್ಕೆ ಇಳಿಯಬೇಕಷ್ಟೆ. ಕೋಲಾರದ ಗಣಿಗಳಲ್ಲಿ ತಮಿಳು, ತೆಲುಗು, ಕನ್ನಡ ನುಡಿಗಳನ್ನಾಡುವವರು ಒಂದೇ ತೊಟ್ಟಿಲಲ್ಲಿ ಪಾತಾಳಕ್ಕಿಳಿಯುತ್ತಿದ್ದರು. ಅಂತಹವರಿಗೆ ಇಂಗ್ಲಿಷಿನ ಎಚ್ಚರಿಕೆಯ ಹಲಗೆಯು ಗೋಡೆಯ ಅಲಂಕಾರಕ್ಕಿಂತ ಹೆಚ್ಚಿನದಾಗಲಾರದು. ಮನೆಯಲ್ಲಾಡುವ ಮಾತಿನಲ್ಲಿ ಹೇಳಿದ ಎಚ್ಚರಿಕೆ ಮಾತ್ರ ಅಪಾಯದ ಗಳಿಗೆಯಲ್ಲಿ ನೆನಪಾಗುತ್ತದೆ.

ಯಾವ ಕಾರ್ಖಾನೆಯಲ್ಲಿ ಈ ವಿದ್ಯೆ ನೆಲೆಗೊಂಡಿದೆಯೆಂದು ತಿಳಿಯಲು ಹಾಜರಿ ಪುಸ್ತಕದ ಹೆಬ್ಬೆಟ್ಟುಗಳನ್ನು ಎಣಿಸಿ ಪ್ರಯೋಜನವಿಲ್ಲ. ನಿನ್ನೆ ಸೇರಿದ ಹುಡುಗನು "ಮೇಸ್ತ್ರಿಗಳೇ, ಸ್ವಲ್ಪ ನಿಲ್ಲಿಸಿ, ಇಲ್ಲಿ ಬಂಡೆ ಟೊಳ್ಳಾಗಿದೆ" ಎಂದನೆನ್ನಿ. ಮೇಸ್ತ್ರಿಯು ಗದರದೆ ಕೆಲಸವನ್ನು ನಿಲ್ಲಿಸಿ, ತಾನೂ ತಟ್ಟಿ ನೋಡಿ, ಆ ದಿನದ ಕೂಲಿಯನ್ನು ಹಿಡಿಯದೆ ಕೊಟ್ಟರೆ, ಅಲ್ಲಿ ಇಬ್ಬರೂ ಪಾಠವನ್ನು ಕಲಿತಿದ್ದಾರೆಂದು ನಂಬಬಹುದು.