ಬಿಲ್ಲಿಗೆ ಕೂತವನ ಪತ್ರ

ಮಂಗಳೂರು
16 ಫೆಬ್ರವರಿ 2024, ಶುಕ್ರವಾರ ರಾತ್ರಿ

ಪ್ರೀತಿಯ ದೊಡ್ಡಪ್ಪನವರಿಗೆ,

ಹೊರಡುವ ದಿನ ‘ಗೆಳೆಯರ ಜತೆ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತೇನೆ’ ಅಂದಾಗ ನೀವು ನಕ್ಕಿರಿ, ದೊಡ್ಡಮ್ಮ ನಗಲಿಲ್ಲ. ಅವರಿಗೆ ಮೊದಲು ಓದಿ ಹೇಳಿಬಿಡಿ: ಯಾವ ಪ್ರಾಣಿಗೂ ಏನೂ ಆಗಿಲ್ಲ. ಗಾಯವಾದದ್ದು ನನ್ನ ಎಡಗೈಗೆ ಮಾತ್ರ, ಅದೂ ನೀಲಿಯಿಂದ ಹಳದಿಗೆ ತಿರುಗಿದೆ.

ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳಸಿದ್ದು ಬಿಟ್ಟರೆ ಪ್ರಯಾಣದಲ್ಲಿ ಹೇಳುವಂಥದ್ದೇನಿಲ್ಲ. ಭಾನುವಾರ ಮಧ್ಯಾಹ್ನ ಬಜಪೆಯವನ ಮನೆ ಸೇರಿದೆ. ಹಾಸ್ಟೆಲಿನಲ್ಲಿದ್ದಾಗ ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು, ಈಗಲೂ ಹಾಗೇ: ಬಜಪೆ, ಕಂಕನಾಡಿ, ಮತ್ತೆ ನಾನು ತೀರ್ಥಳ್ಳಿ. ‘ಕೆಡ್ಡಸಕ್ಕೆ ಬಾ, ಬೋಂಟೆಗೆ ಹೋಗುವ’ ಎಂದು ಫೋನು ಮಾಡಿ ಆಸೆ ಹುಟ್ಟಿಸಿದವನು ಬಜಪೆಯೇ. ತುಳುವಿನಲ್ಲಿ ಬೋಂಟೆ ಅಂದರೆ ಬೇಟೆ.

ಕೆಡ್ಡಸ ನಮ್ಮ ಕಡೆ ಇಲ್ಲವಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಕರ ಮಾಸ ಮುಗಿಯುವ ಕೊನೆಯ ದಿನಗಳಲ್ಲಿ ಭೂಮಿ ಮುಟ್ಟಾಗುತ್ತಾಳೆ ಎಂದು ತುಳುವರು ನಂಬುತ್ತಾರೆ. ಆ ಮೂರು ದಿನ ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ, ಹಸಿ ಮರ ಕಡಿಯುವುದಿಲ್ಲ. ಕುಚ್ಚಲಕ್ಕಿಯನ್ನೂ ಹುರುಳಿಯನ್ನೂ ಹುರಿದು, ಬೆಲ್ಲ, ತೆಂಗಿನಕಾಯಿ ಸೇರಿಸಿದ ಕುಡುಅರಿ ತಿನ್ನುತ್ತಾರೆ. ಕುಡು ಅಂದರೆ ಹುರುಳಿ, ಅರಿ ಅಂದರೆ ಅಕ್ಕಿ. ಬಾಯಿಗೆ ಹಾಕಿಕೊಂಡರೆ ದವಡೆಗೆ ಒಳ್ಳೆ ಕೆಲಸ. ಕೊನೆಯ ದಿನ ಬೆಳಿಗ್ಗೆ ಹೆಂಗಸರು ತುಳಸಿ ಕಟ್ಟೆಯ ಹತ್ತಿರ ನೆಲ ಸಾರಿಸಿ, ಅರಿಶಿನ, ಕುಂಕುಮ, ಸೀಗೆ ಇಟ್ಟು, ನೆಲಕ್ಕೆ ಎಣ್ಣೆ ಬಿಡುತ್ತಾರೆ. ಬಾಣಂತಿಗೆ ಎಣ್ಣೆ ಹಚ್ಚುವ ಹಾಗೆ ಮೆಲ್ಲಗೆ, ಮಾತಿಲ್ಲದೆ. ಬಜಪೆಯ ಅಮ್ಮ ಎಣ್ಣೆ ಬಿಡುವಾಗ ನೆತ್ತಿಯ ಮೇಲೇ ವಿಮಾನವೊಂದು ಇಳಿಯಿತು. ಅವರು ತಲೆ ಎತ್ತಲಿಲ್ಲ.

ಬೋಂಟೆ ಇರುವುದು ಈ ದಿನಗಳಲ್ಲೇ. ಹಿಂದೆಲ್ಲ ಕೆಡ್ಡಸ ಬರುವ ಮೊದಲು ದೈವ ಕಟ್ಟುವ ನಲಿಕೆಯವರು ಮನೆಮನೆಗೆ ಬಂದು ಏನು ಮಾಡಬಹುದು, ಏನು ಮಾಡಬಾರದು ಎಂದು ಸಾರಿ, ಊರ ಬೋಂಟೆಗೂ ಕರೆ ಕೊಟ್ಟು ಹೋಗುತ್ತಿದ್ದರಂತೆ. ಗಂಡಸರು ನಾಯಿಗಳನ್ನು ಕಟ್ಟಿಕೊಂಡು ಗುಡ್ಡೆ ಹತ್ತುತ್ತಿದ್ದರಂತೆ. ನನಗೆ ತಲೆಹರಟೆ ಪ್ರಶ್ನೆ ಬಂತು. ಹಸಿ ಕೊಂಬೆ ಮುರಿಯಬಾರದು, ಆದರೆ ಕಡವೆ ಕೊಲ್ಲಬಹುದೇ? ಅಮ್ಮ ನಕ್ಕು, ‘ಗಂಡಸರಿಗೆ ಮೂರು ದಿನ ಗದ್ದೆ ಕೆಲಸ ಇಲ್ಲದಿದ್ರೆ ಮತ್ತೆ ಎಂತ ಮಾಡ್ಲಿಕ್ಕುಂಟು ಮಗಾ?’ ಅಂದರು. ಭೂಮಿಗೆ ರಜೆ ಕೊಟ್ಟು ಕಾಡಿಗೆ ಕೆಲಸ ಹಚ್ಚಿದ ಹಾಗಾಯಿತು. ಪಂಡಿತರು ಬೇರೆ ಏನಾದರೂ ಅರ್ಥ ಹೇಳಿಯಾರು, ನನಗೆ ಅಮ್ಮನ ಉತ್ತರವೇ ಸರಿ ಕಂಡಿತು.

ಈಗ ಬೋಂಟೆ ಮಾತಿನಲ್ಲಿ ಮಾತ್ರ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೂ ಲೈಸೆನ್ಸಿನ ಬೇಟೆಗೆ ಒಂದಿಷ್ಟು ಕಿಂಡಿ ಇತ್ತಲ್ಲ, 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕೋವಿಯಾದರೇನು, ಬಿಲ್ಲಾದರೇನು, ಉರುಳಾದರೇನು, ಎಲ್ಲಕ್ಕೂ ಒಂದೇ ಕಾನೂನು. ಹಾಗಾಗಿ ಬಜಪೆಯ ‘ಬೋಂಟೆ’ ಅಂದರೆ ತೋಟದಲ್ಲಿ ಬಾಳೆದಿಂಡಿಗೆ ಬಾಣ ಬಿಡುವುದು ಎಂದು ಗೊತ್ತಾದಾಗ ನನಗೆ ಬೇಸರವೇನೂ ಆಗಲಿಲ್ಲ. ಸುಳ್ಳು ಹೇಳಬಾರದು, ಸ್ವಲ್ಪ ಸಮಾಧಾನವೇ ಆಯಿತು.

ಬಿಲ್ಲು ಮಾಡಿದ್ದು ನಾವೇ. ಕೆಡ್ಡಸದಲ್ಲಿ ಹಸಿ ಬಿದಿರು ಕಡಿಯುವ ಹಾಗಿಲ್ಲ. ಹಟ್ಟಿಯ ಮಾಡಿನಿಂದ ತೆಗೆದಿಟ್ಟ ಹಳೆಯ ಅಡಿಕೆ ದಬ್ಬೆಗಳಿದ್ದವು. ಅದರಲ್ಲಿ ಗೆದ್ದಲು ಮುಟ್ಟದ ಒಂದನ್ನು ಆರಿಸಿ, ಒಳಮೈಯ ಮೆತ್ತನೆ ನಾರನ್ನು ಕತ್ತಿಯಿಂದ ಹೆರೆದು, ನಡುವಿನ ಹಿಡಿಯನ್ನು ದಪ್ಪ ಬಿಟ್ಟು ಎರಡು ತುದಿ ಸಪೂರ ಮಾಡಿದೆವು. ಹೆರೆಯುವುದರಲ್ಲೇ ಎಲ್ಲ ಇರುವುದು. ಒಂದು ತೋಳು ಇನ್ನೊಂದಕ್ಕಿಂತ ಒಂದು ಎಳೆ ದಪ್ಪವಾದರೂ ಎಳೆದಾಗ ಬಿಲ್ಲು ಸೊಟ್ಟ ಬಾಗುತ್ತದೆ. ಮೊದಲನೆಯದು ಮುರಿಯಿತು, ಎರಡನೆಯದೂ. ಮೂರನೆಯದು ನಿಂತಿತು. ಹೆದೆಗೆ ಮೀನು ಹಿಡಿಯುವ ತಂಗೂಸಿಯನ್ನು ಮೂರೆಳೆ ಹೊಸೆದೆವು. ಬಾಣಕ್ಕೆ ಒಣಗಿದ ಓಟೆ, ಹಿಂದೆ ಕೋಳಿಗರಿ, ಮುಂದೆ ಮೊನೆಯಿಲ್ಲದ ಮರದ ಮೊಳೆ. ತುಳುವಿನಲ್ಲಿ ಬಿಲ್ಲಿಗೆ ಬಿರು, ಬಾಣಕ್ಕೆ ಪಗರಿ. ದೈವಗಳ ಆಯುಧಗಳ ಸಾಲಿನಲ್ಲಿ ಬಿರು-ಪಗರಿ ಈಗಲೂ ಇದೆ. ಅದಕ್ಕೇ ಬಜಪೆಯ ಅಮ್ಮ ನಮ್ಮ ಆಟಿಕೆಯನ್ನು ಜಗಲಿ ಹತ್ತಿಸಲು ಬಿಡಲಿಲ್ಲ: ‘ಅದೆಲ್ಲ ಚಾವಡಿಗೆ ತರ್ಲಿಕ್ಕಿಲ್ಲ, ಹೊರಗೆ ಇಡಿ.’

ಗೊನೆ ಕಡಿದು ಬಿದ್ದಿದ್ದ ಬಾಳೆದಿಂಡೊಂದನ್ನು ಅಡ್ಡ ಇಟ್ಟು, ಎರಡು ಕವೆ ಚುಚ್ಚಿ ಕೊಂಬು ಮಾಡಿ, ಜಿಂಕೆ ಎಂದೆವು. ಇಪ್ಪತ್ತು ಹೆಜ್ಜೆ ದೂರ. ಕೋವಿಗಿದ್ದ ಹಾಗೆ ಇದಕ್ಕೆ ನೋಟ ಹಿಡಿಯಲು ಕಡ್ಡಿಯೂ ಇಲ್ಲ, ಗುಳಿಯೂ ಇಲ್ಲ. ಕಣ್ಣು ಜಿಂಕೆಯ ಮೇಲೆ, ಕೈ ತನ್ನ ಪಾಡಿಗೆ. ನನ್ನ ಮೊದಲ ಬಾಣ ನನ್ನ ಪಾದದ ಹತ್ತಿರವೇ ಬಿತ್ತು, ಹೆದೆ ಮಾತ್ರ ಎಡ ಮುಂಗೈಯನ್ನು ಚಟೀರ್ ಎಂದು ಬಾರಿಸಿತು. ಸಂಜೆಯೊಳಗೆ ಮೂವತ್ತು ಬಾಣ ಬಿಟ್ಟೆ, ನಾಲ್ಕು ತಾಗಿದವು. ಅದರಲ್ಲಿ ಎರಡು ಕೊಂಬಿಗೆ. ಪಕ್ಕದ ಮನೆಯ ಮಕ್ಕಳು ಬೇಲಿಯಾಚೆ ನಿಂತು ಲೆಕ್ಕ ಇಡುತ್ತಿದ್ದರು, ಜೋರಾಗಿ.

ಅಲ್ಲೇ ದೊಡ್ಡಪ್ಪ, ನಿಮ್ಮ ಮಾತೊಂದು ತಲೆಗೆ ಹೊಕ್ಕಿತು. ಹಳೇ ಬೇಟೆಯ ಕತೆ ಹೇಳುವಾಗ ನೀವು ‘ನಾನು ಬಿಲ್ಲಿಗೆ ಕೂತಿದ್ದೆ’ ಅನ್ನುತ್ತೀರಿ. ನಾಯಿ ಬಿಟ್ಟು ಹಳು ನುಗ್ಗುವವರು ಹಳುವಿನವರು, ಪ್ರಾಣಿ ಹಾಯುವ ಜಾಡಿನಲ್ಲಿ ಕಾದು ಕೂರುವವರು ಬಿಲ್ಲಿನವರು. ನಿಮ್ಮ ಕೈಯಲ್ಲಿ ಇರುತ್ತಿದ್ದದ್ದು ಕೇಪಿನ ಕೋವಿ. ಅಜ್ಜನ ಕೈಯಲ್ಲೂ ಕೋವಿಯೇ. ಬಿಲ್ಲು ಕಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಆದರೂ ಕೂರುವ ಜಾಗದ ಹೆಸರು ಬಿಲ್ಲು! ಕೋವಿ ಬಂದು ಎಷ್ಟು ತಲೆಮಾರಾದರೂ ಆ ಜಾಗವನ್ನು ಯಾರೂ ‘ಕೋವಿ’ ಅನ್ನಲಿಲ್ಲ. ಇಷ್ಟು ವರ್ಷ ಕೇಳಿಯೂ ಇದು ನನಗೆ ಹೊಳೆದಿರಲಿಲ್ಲ. ಮುಂಗೈಗೆ ಪೆಟ್ಟು ಬಿದ್ದ ಮೇಲೆ ಹೊಳೆಯಿತು. ಇಪ್ಪತ್ತು ಹೆಜ್ಜೆಯಲ್ಲಿ ಬಾಳೆದಿಂಡಿಗೇ ತಾಗದ ಆಯುಧ ಹಿಡಿದವನು ಓಡುವ ಕಡವೆಯ ಹಿಂದೆ ಓಡಿ ಏನು ಮಾಡಿಯಾನು? ಅದು ತಾನಾಗಿ ಹತ್ತಿರ ಬರುವ ಜಾಗ ಗೊತ್ತಿರಬೇಕು, ಗಾಳಿ ಯಾವ ಕಡೆಯಿಂದ ಎಂದು ಗೊತ್ತಿರಬೇಕು, ಮತ್ತೆ ಕೂರಬೇಕು. ಬಿಲ್ಲಿನವನ ಅರ್ಧ ಆಯುಧ ಆ ಜಾಗವೇ. ಕೋವಿ ಬಂದದ್ದು ಆಮೇಲೆ, ಅದೇ ಜಾಗಕ್ಕೆ.

ಮರುದಿನ ಕಂಕನಾಡಿ ನಮ್ಮನ್ನು ತನ್ನ ಕಡೆಗೆ ಕರೆದೊಯ್ದ. ಅಲ್ಲಿ ಬ್ರಹ್ಮ ಬೈದರ್ಕಳ ಗರಡಿ ಇದೆ, ಕೋಟಿ-ಚೆನ್ನಯರದ್ದು. ಅವರ ಕತೆಯಲ್ಲೂ ಬೇಟೆ ಇದೆ, ಜಿಂಕೆಯದ್ದಲ್ಲ, ಹಂದಿಯದ್ದು. ಎಣ್ಮೂರಿನ ಆಶ್ರಯದಲ್ಲಿದ್ದಾಗ ಅವಳಿಗಳು ಹಂದಿ ಹೊಡೆಯುತ್ತಾರೆ, ಪಂಜದವರು ಅದು ತಮ್ಮದೆಂದು ಜಗಳ ತೆಗೆಯುತ್ತಾರೆ, ಜಗಳ ಯುದ್ಧವಾಗುತ್ತದೆ. ಪಾಡ್ದನದ ಪ್ರಕಾರ ಆ ಯುದ್ಧದಲ್ಲಿ ಬಾಣ ತಾಗಿಯೇ ಕೋಟಿ ಬೀಳುತ್ತಾನೆ. ಒಂದು ಹಂದಿಯ ಪಾಲಿಗೆ! ನಮ್ಮೂರಲ್ಲೂ ಪಾಲಿನ ಜಗಳಕ್ಕೆ ಎರಡು ಮನೆ ಮಾತು ಬಿಟ್ಟದ್ದನ್ನು ನೀವೇ ಹೇಳಿದ್ದೀರಿ. ಆ ಅವಳಿಗಳ ಕುಲವಾದ ಬಿಲ್ಲವ ಎಂಬ ಹೆಸರೇ ಬಿಲ್ಲಿನಿಂದ ಬಂತು ಎಂದು ಇಲ್ಲಿ ಹೇಳುವವರು ಬಹಳ. ಕಂಕನಾಡಿಯೂ ಹಾಗೇ ಹೇಳಿ, ಎದೆಯುಬ್ಬಿಸಿ, ನಮ್ಮ ದಬ್ಬೆ ಬಿಲ್ಲಿನಲ್ಲಿ ಸಂಜೆ ಪುನಃ ಒಂದು ಕೈ ನೋಡಿದ. ಮೂವತ್ತಕ್ಕೆ ಮೂರು. ಹೆಸರಿನ ಮೂಲದ ಬಗ್ಗೆ ಆಮೇಲೆ ಅವನು ಮಾತೆತ್ತಲಿಲ್ಲ.

ಬುಧವಾರ ಜಿಂಕೆ ನೋಡಲು ಪಿಲಿಕುಳಕ್ಕೆ ಹೋದೆವು. ವಾಮಂಜೂರು ದಾಟಿ ಮೂಡುಶೆಡ್ಡೆಯಲ್ಲಿದೆ, ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮ. ಪಿಲಿ ಅಂದರೆ ಹುಲಿ, ಹುಲಿ ನೀರು ಕುಡಿಯಲು ಬರುತ್ತಿದ್ದ ಕೊಳವಂತೆ. ಈಗ ಹುಲಿ ಬೇಲಿಯೊಳಗೆ, ಕೊಳದಲ್ಲಿ ದೋಣಿವಿಹಾರ. ಗುತ್ತಿನ ಮನೆ, ಕಾಳಿಂಗ ಸರ್ಪ ಎಲ್ಲ ನೋಡಿದೆವು, ಅದನ್ನು ಬಂದಾಗ ಹೇಳುತ್ತೇನೆ. ನಾವು ಹೆಚ್ಚು ಹೊತ್ತು ನಿಂತದ್ದು ಜಿಂಕೆಗಳ ಹತ್ತಿರ. ಬಜಪೆ ಒಂದು ಪಂಥ ಹಾಕಿದ: ಬಿಲ್ಲಿಲ್ಲ, ಬಾಣವಿಲ್ಲ, ಇಪ್ಪತ್ತು ಹೆಜ್ಜೆಯೊಳಗೆ ಜಿಂಕೆಗೆ ಗೊತ್ತಾಗದ ಹಾಗೆ ಯಾರು ಹೋಗುತ್ತಾರೋ ಅವರಿಗೆ ಉಳಿದಿಬ್ಬರು ಗಡ್‌ಬಡ್ ಐಸ್‌ಕ್ರೀಂ ಕೊಡಿಸಬೇಕು. ನಾನು ಮಲೆನಾಡಿನವನಲ್ಲವೇ, ಚಪ್ಪಲಿ ಬಿಚ್ಚಿ, ಗಾಳಿ ನೋಡಿ, ಬೇಲಿಯುದ್ದಕ್ಕೂ ಬಾಗಿ ಬಾಗಿ ಹೋದೆ. ಹಿಂಡಿನ ದೊಡ್ಡ ಹೋರಿ, ಒಂದೊಂದು ಕೊಂಬಿಗೆ ಮೂರು ಮೂರು ಕವಲು, ಕಿವಿ ನನ್ನ ಕಡೆ ತಿರುಗಿಸಿತು. ಉಸಿರು ಹಿಡಿದೆ. ಅದು ಎದ್ದು, ನೆಟ್ಟಗೆ ನನ್ನ ಹತ್ತಿರವೇ ನಡೆದು ಬಂದು, ಬೇಲಿಗೆ ಮೂತಿ ತಾಗಿಸಿ, ತಿನ್ನಲು ಏನು ತಂದಿದ್ದೀ ಅನ್ನುವ ಹಾಗೆ ನೋಡಿತು. ಹಿಂದಿನಿಂದ ಒಂದು ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರ ಬರಿಸುವ ಬೇಟೆ ಇದೆ. ಇಲ್ಲಿ ನನ್ನನ್ನೇ ಬಿಟ್ಟು ಜಿಂಕೆ ಬರಿಸಿದರು. ಪಂಥ ಗೆದ್ದೆನೋ ಸೋತೆನೋ ಎಂದು ಪಂಚಾಯಿತಿಯಾಗಿ, ಕೊನೆಗೆ ಮೂವರೂ ಅವರವರ ದುಡ್ಡಿನಲ್ಲೇ ಗಡ್‌ಬಡ್ ತಿಂದೆವು. ತಿನ್ನುತ್ತಾ ಬಜಪೆ ಒಂದು ಮಾತು ತೆಗೆದ. ಪುರಾಣದಲ್ಲಿ ಜಿಂಕೆಯ ಹಿಂದೆ ಬಿಲ್ಲು ಹಿಡಿದು ಹೋದವರು ಯಾರು ಸುಖಪಟ್ಟಿದ್ದಾರೆ ಹೇಳಿ. ರಾಮ ಹೋದ, ಸೀತೆ ಹೋದಳು. ಪಾಂಡು ಬಾಣ ಬಿಟ್ಟ, ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯ ಶಾಪ ತಂದುಕೊಂಡ. ಬೇಡನೊಬ್ಬ ಕೃಷ್ಣನ ಪಾದವನ್ನೇ ಜಿಂಕೆ ಅಂದುಕೊಂಡ. ‘ದುಷ್ಯಂತ?’ ಅಂದೆ ನಾನು. ‘ಅವನು ಬಾಣ ಬಿಡ್ಲಿಲ್ಲ ಮಾರಾಯ, ಋಷಿಗಳು ತಡೆದ್ರು. ಅದಕ್ಕೇ ಹೆಂಡತಿ ಸಿಕ್ಕಿದ್ಳು.’

ಇಲ್ಲಿಗೆ ಬೇಟೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ಈ ವರ್ಷ ಕೆಡ್ಡಸ ಮುಗಿದ ಬೆನ್ನಿಗೇ ರಥಬೀದಿಯ ವೆಂಕಟರಮಣ ದೇವಸ್ಥಾನದ ತೇರು, ಕೊಂಕಣಿಯವರ ಕೊಡಿಯಾಲ್ ತೇರು. ರಥಸಪ್ತಮಿ ಇವತ್ತೇ. ತೇರಿಗೆ ಮೊದಲು ದೇವರೇ ಬೇಟೆಗೆ ಹೊರಡುತ್ತಾರೆ. ಉತ್ಸವದ ಹೆಸರೇ ಮೃಗಬೇಟೆ! ಪೇಟೆಯ ನಟ್ಟನಡುವೆ, ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳ ಮಧ್ಯೆ. ನಾನು ನೋಡಿದೆ ಅಂದರೆ ಸುಳ್ಳಾದೀತು. ದೀಪ ಕಂಡಿತು, ವಾದ್ಯ ಕೇಳಿತು, ಮಲ್ಲಿಗೆಯ ವಾಸನೆ ಬಂತು. ಉಳಿದದ್ದೆಲ್ಲ ಜನರ ತಲೆ. ಕಂಕನಾಡಿ ಯಾವುದೋ ಅಂಗಡಿಯ ಮೆಟ್ಟಿಲು ಹತ್ತಿ ನಿಂತು, ‘ಬಂತು ಬಂತು’ ಎನ್ನುತ್ತಿದ್ದ. ಏನು ಬಂತು ಎಂದು ಹೇಳಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಕೈಮುಗಿದೇ ನಿಂತಿದ್ದರು, ಅವರಿಗೆ ಕಾಣದ್ದರ ಚಿಂತೆಯೇ ಇರಲಿಲ್ಲ.

ಕತ್ತು ನೋಯಿತೆಂದು ಮೇಲೆ ನೋಡಿದರೆ ನೆತ್ತಿಯ ಮೇಲೆ ಮೃಗಶಿರ. ನೀವು ಅಂಗಳದಲ್ಲಿ ತೋರಿಸುತ್ತಿದ್ದಿರಲ್ಲ, ಸಾಲಾಗಿ ಮೂರು ಚುಕ್ಕೆ ಬಾಣ, ಅದರ ಹಿಂದೆ ಉರಿಯುವ ಲುಬ್ಧಕ ಅದನ್ನು ಬಿಟ್ಟ ಬೇಡ. ರಥಬೀದಿಯ ಅಷ್ಟು ಬೆಳಕಿನಲ್ಲೂ ಆ ಮೂರೂ ಕಂಡವು.

ಇವತ್ತು ತೇರು ಎಳೆದದ್ದು ನೋಡಿದೆ. ಕಾಲು ತುಳಿಸಿಕೊಂಡೆ. ಅದರ ಬಗ್ಗೆ ದೊಡ್ಡಮ್ಮನಿಗೆ ಬೇರೆಯಾಗಿ ಬರೆಯುತ್ತೇನೆ, ಮಲ್ಲಿಗೆಯ ರೇಟು ಸಮೇತ.

ಚುನಾವಣೆ ಹತ್ತಿರ ಬಂತು, ಕೋವಿಯನ್ನು ಠಾಣೆಗೆ ಒಪ್ಪಿಸಲು ನೀವೊಬ್ಬರೇ ಬಸ್ಸು ಹತ್ತಬೇಡಿ, ನಾನು ಬಂದ ಮೇಲೆ ಹೋಗೋಣ. ಮಾರ್ಚ್ 8ಕ್ಕೆ ಶಿವರಾತ್ರಿ, ಅದಕ್ಕೆ ಬಂದೇ ಬರುತ್ತೇನೆ. ಬಿಲ್ವದ ಮರ ಹತ್ತಿ ಕೂತ ಬೇಡನ ಕತೆಯನ್ನು ನೀವೇ ಹೇಳಬೇಕು, ಟೀವಿಯದ್ದು ನನಗೆ ಬೇಡ. ಅವನೂ ಬಿಲ್ಲಿಗೆ ಕೂತವನೇ ಅಲ್ಲವೇ? ಒಂದಾದ ಮೇಲೊಂದು ಜಿಂಕೆ ಬಂತು, ಒಂದೊಂದೂ ಒಂದೊಂದು ನೆಪ ಹೇಳಿತು, ಎಲ್ಲವನ್ನೂ ಬಿಟ್ಟ, ಬೆಳಗಾಯಿತು. ಈ ಸಲ ನನಗೆ ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ.

ಇನ್ನೊಂದು. ನಮ್ಮ ಕಾನಿನ ಮೇಲ್ತುದಿಯಲ್ಲಿ ಹಲಸಿನ ಮರದ ಹತ್ತಿರ ನೀವು ಕೂರುತ್ತಿದ್ದ ಬಿಲ್ಲು ಯಾವುದು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಮಂಡಿ ನೋವು ಕಡಿಮೆ ಇದ್ದರೆ ಒಂದು ಸಂಜೆ ತೋರಿಸಿ. ಹಟ್ಟಿಯ ಅಟ್ಟದಲ್ಲಿ ಒಣಗಿದ ಅಡಿಕೆ ದಬ್ಬೆ ಇದ್ದರೆ ಒಂದನ್ನು ಸೌದೆಗೆ ಹಾಕದೆ ತೆಗೆದಿಡಿ. ಗೆದ್ದಲು ಹಿಡಿಯದ್ದು ನೋಡಿ.

ನಿಮ್ಮ ಪ್ರೀತಿಯ
ಪುಟ್ಟ